ಎರಡಿಂಚು ತಗ್ಗಿದ ಕುರ್ಚಿ

ಸಿನಿಮಾ ನಿರ್ದೇಶಕನಾದ ನನ್ನ ತಮ್ಮ, ದಿನವೂ ಚಿತ್ರೀಕರಣಕ್ಕೆ ಮೊದಲು, ನಟರು ಕೂರುವ ಕಡೆಯೆಲ್ಲ ತಾನೊಮ್ಮೆ ಕೂತು ನೋಡುತ್ತಾನೆ. ನನ್ನ ಪ್ರಾರ್ಥನೆ ತಪ್ಪೀತು, ಅವನ ಈ ನೇಮ ತಪ್ಪದು.

ಅವತ್ತು ಮಗನ ಸಾವಿನ ಸುದ್ದಿ ಕೇಳಿ ತಾಯಿ ಅಳುವ ದೃಶ್ಯ. ವಯಸ್ಸಾದ ನಟಿಗೆ ಎಂಟು ಸಲವೂ ಅಳು ಬರಲಿಲ್ಲ. "ಇನ್ನೂ ದುಃಖ ಬೇಕಮ್ಮಾ" ಎಂದು ತಮ್ಮ ಹೇಳಿದಷ್ಟೂ ಅವರ ಮುಖ ಬಿಗಿದುಕೊಂಡಿತು.

"ಕಲ್ಲು ಹಿಂಡಿದ್ರೆ ನೀರು ಬರುತ್ತಾ? ಮಧ್ಯಾಹ್ನ ಬೇರೆಯವರನ್ನ ಕರೆಸ್ತೀನಿ" ಎಂದರು ನಿರ್ಮಾಪಕರು. ಅದು ಆಕೆಯ ಕಿವಿಗೂ ಬಿತ್ತು.

ಉಡುಪು ನೋಡಿಕೊಳ್ಳುವ ನಾನು ಪಕ್ಕದಲ್ಲೇ ಇದ್ದೆ. ತಮ್ಮ ಹೋಗಿ ಆಕೆಯ ಮುಂದೆ ನೆಲದಲ್ಲಿ ಕೂತ. ಆಗ ಕಂಡಿತು: ಆಕೆಯ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಆರಡಿಯ ಇವನಿಗೆ ಸರಿಯೆನಿಸಿದ ಕುರ್ಚಿಯಲ್ಲಿ, ಆಕೆ ಜಾರದಂತೆ ಮೈ ಬಿಗಿಹಿಡಿದು ಕೂತಿದ್ದರು.

"ತಪ್ಪು ನಂದಮ್ಮಾ" ಎಂದ ತಮ್ಮ, ಬಡಗಿಯನ್ನು ಕರೆದು, "ಕಾಲು ಎರಡಿಂಚು ಕೊಯ್ಯಪ್ಪ" ಎಂದ.

"ಕುರ್ಚೀದು ತಾನೇ?" ಎಂದು ಆಕೆ ನಕ್ಕರು.

ದುಃಖದ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಪಾದ ಊರಿ ಕೂತ ಆಕೆ ಒಂಬತ್ತನೆಯ ಸಲ ಅತ್ತಾಗ ಲೈಟಿನವರೂ ಕಣ್ಣೊರೆಸಿಕೊಂಡರು. ಹೆಮ್ಮೆ ಕೊಡಬೇಡ ದೇವರೇ ಎಂದು ಬೇಡುವವಳು ನಾನು, ಅವತ್ತು ತಮ್ಮನ ಬಗ್ಗೆ ಹೆಮ್ಮೆಪಟ್ಟೆ.

"ನಿಮ್ಮ ಹೆಸರು ಬರೆಸಿ ಒಂದೊಳ್ಳೇ ಕುರ್ಚಿ ತರಿಸ್ಕೊಡ್ತೀನಿ" ಎಂದರು ನಿರ್ಮಾಪಕರು, ತಮ್ಮನಿಗೆ.

"ಬೇಡ ಸಾರ್. ನಂದು ಅಂತ ಒಂದಿದ್ರೆ, ನಟರ ಕುರ್ಚೀಲಿ ಕೂರೋದು ಮರೆತುಬಿಡ್ತೀನಿ."