ಯಾವ ಕೋವಿ ಬಿಡುವುದು

ನಂಜನಗೂಡಿನ ಹೊಸ ಮನೆಯಲ್ಲಿ ಹಾಲುಕ್ಕಿಸಿ ಊರಿಗೆ ವಾಪಸು ಬಂದ ದಿನವೇ ನನ್ನ ಗಂಡ ಊಟದ ತಟ್ಟೆಯ ಮುಂದೆ ಕೂತು ಹೇಳಿಬಿಟ್ಟರು. "ಪಾತ್ರೆ ಪಗಡ ಏನ್ ಬೇಕಾರೂ ತಗೊ. ಕೋವಿ ಒಂದು ಬಂದ್ರೂ ನಾನು ಆ ಮನೆಗೆ ಬರಕಿಲ್ಲ ಕಣಮ್ಮಿ." ಇಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಬರಕಿಲ್ಲ, ಆಗಕಿಲ್ಲ ಅನ್ನುವ ಮಾತು ಕೇಳಿದ ನೆನಪು ನನಗಿಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಬರ್ದಿದ್ರೆ ಇಲ್ಲೇ ಕೊಟ್ಟಿಗೇಲಿ ಬಿದ್ದಿರಿ" ಎಂದು ಸೌಟನ್ನು ಸಾರಿನ ಪಾತ್ರೆಗೆ ಎಸೆದೆ. ಸಾರು ಅವರ ಅಂಗಿಯ ಮೇಲೆಲ್ಲ ಹಾರಿತು. ಅವರು ಟವೆಲಿನಲ್ಲಿ ಒರೆಸಿಕೊಂಡು, ತಟ್ಟೆಯಲ್ಲಿದ್ದದ್ದನ್ನು ಉಂಡು ಎದ್ದರು.

ನಮ್ಮ ಊರು ತಿ. ನರಸೀಪುರದಿಂದ ಬನ್ನೂರಿಗೆ ಹೋಗುವ ದಾರಿಯಲ್ಲಿ, ನಾಲೆಯ ಪಕ್ಕ. ಅಪ್ಪನಿಗೆ ನಾನು ಒಬ್ಬಳೇ ಮಗಳು. ನಾನು ಮದುವೆಯಾಗಿ ಎಲ್ಲಿಗೂ ಹೋಗಲಿಲ್ಲ, ಗಂಡನೇ ನಂಜನಗೂಡಿನ ಕಡೆಯಿಂದ ಮನೆಅಳಿಯನಾಗಿ ಬಂದರು. ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿಯಾಗಿ ಕೆಲಸ ಮಾಡಿದರು. ಅಪ್ಪ ಸತ್ತ ಮೇಲೆ ಗದ್ದೆ, ಮನೆಯ ಜೊತೆಗೆ ಅವರ ಮೂರು ಕೋವಿಗಳೂ ಅವುಗಳ ಲೈಸೆನ್ಸೂ ನನ್ನ ಹೆಸರಿಗೆ ಬಂದವು. ಎಲೆಕ್ಷನ್ ಬಂದಾಗಲೆಲ್ಲ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ಹೋಗಿ ತರುವುದು ನನ್ನದೇ ಕೆಲಸ. ಹೆಂಗಸೊಬ್ಬಳು ಕೋವಿ ಹೊತ್ತು ಬಸ್ ಹತ್ತಿದರೆ ಸೀಟು ಎಷ್ಟು ಬೇಗ ಸಿಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಒಬ್ಬರ ಹೆಸರಿನಲ್ಲಿ ಎರಡೇ ಕೋವಿ ಎಂದು ಕಾನೂನು ಬದಲಾದ ಮೇಲೆ, ಒಂದನ್ನು ಬಿಟ್ಟುಕೊಡಿ ಎಂದು ಪೊಲೀಸರು ಹೇಳುತ್ತಲೇ ಇದ್ದರು. ನಾನು ಇವತ್ತು ನಾಳೆ ಎಂದು ತಳ್ಳುತ್ತಿದ್ದೆ. ನನ್ನ ಮಂಡಿನೋವು ಹೆಚ್ಚಾಗಿ, ಗದ್ದೆಯನ್ನು ಗುತ್ತಿಗೆಗೆ ಕೊಟ್ಟು ನಂಜನಗೂಡಿಗೆ ಹೊರಟಾಗ ವಿಳಾಸ ಬದಲಾಯಿಸಬೇಕಿತ್ತು, ಇನ್ನು ತಳ್ಳುವ ಹಾಗಿರಲಿಲ್ಲ. ಕಾನೂನು ಒಂದು ಬಿಡು ಎನ್ನುತ್ತಿತ್ತು. ಗಂಡ ಮೂರೂ ಬಿಡು ಎನ್ನುತ್ತಿದ್ದರು. ನನಗೆ ಒಂದನ್ನೂ ಬಿಡಲು ಮನಸ್ಸಿರಲಿಲ್ಲ. ಹಜಾರದಲ್ಲಿ ಚಾಪೆ ಹಾಸಿ, ಮೂರನ್ನೂ ಸಾಲಾಗಿ ಮಲಗಿಸಿ, ಎಣ್ಣೆ ಬಟ್ಟೆ ಹಿಡಿದು ಕೂತೆ. ಮದುವೆ ಸೀರೆ ಆರಿಸುವಾಗಲೂ ಅಷ್ಟು ಹೊತ್ತು ತೆಗೆದುಕೊಂಡವಳಲ್ಲ ನಾನು.

ಮೊದಲನೆಯದು ಒಂಟಿನಳಿಗೆ. ಅಪ್ಪ ನನಗೆ ಗುರಿ ಕಲಿಸಿದ್ದು ಅದರಲ್ಲೇ. ಮದುವೆಯಾದ ಹೊಸತರಲ್ಲಿ ಒಂದು ಬೆಳಗ್ಗೆ ನಮ್ಮ ಕಬ್ಬಿನೊಳಗೆ ಹಂದಿ ಅಡಗಿದೆಯೆಂದು ಗೊತ್ತಾಗಿ, ನಾಯಿ ಬಿಟ್ಟು ಎಬ್ಬಿಸಿದರು. ಬದುವಿನ ಮೇಲೆ ಕೋವಿ ಹಿಡಿದು ನಿಂತಿದ್ದವಳು ನಾನು. ಕೋರೆ ಬಂದಿದ್ದ ಗಂಡು ಹಂದಿ ಅದು. ನನ್ನ ಗುಂಡು ಸೊಂಟಕ್ಕೆ ಬಿತ್ತು. ಹಿಂಗಾಲು ಎಳೆದುಕೊಂಡೇ ತಿರುಗಿ, ನಮ್ಮ ನಾಯಿಯ ಹೊಟ್ಟೆಗೆ ಕೋರೆ ಹಾಕಿ ಎತ್ತಿ ಎಸೆಯಿತು. ಕರುಳು ಬದುವಿನ ಮೇಲೆ ಚೆಲ್ಲಿತು. ನಾಯಿ ಆ ಕರುಳನ್ನೇ ತುಳಿದುಕೊಂಡು ಮತ್ತೆ ಹಂದಿಯ ಮೇಲೆ ಹೋಯಿತು. "ಇನ್ನೊಂದು ತುಂಬು ಕೂಸೇ, ಬಿರ್ರನೆ" ಎಂದು ಅಪ್ಪ ಕೂಗಿದರು. ತೋಟಾ ತುಂಬಿ, ಹತ್ತಿರ ಹೋಗಿ, ಹಂದಿಯ ಕಿವಿಯ ಹಿಂದೆ ನಳಿಗೆ ಇಟ್ಟು ಹೊಡೆದೆ. ಬಿಸಿ ರಕ್ತ ಮುಖಕ್ಕೆ ಸಿಡಿದು ತುಟಿಗೆ ಇಳಿಯಿತು. ಆಮೇಲೆ ನಾಯಿಗೂ ಒಂದು ಹೊಡೆಯಬೇಕಾಯಿತು. ನಾಯಿಗಾಗಿ ಅತ್ತೆ. ಹಂದಿಗಾಗಿ ಅಳಲಿಲ್ಲ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಗಂಡುಬೀರಿ ಎಂದು ಆಡಿಕೊಳ್ಳುತ್ತಿದ್ದವರೆಲ್ಲ ಅವತ್ತು ಬಾಯಿ ತುಂಬ ಹೊಗಳಿದರು. ನನ್ನ ಹೊಸ ಗಂಡ ಮಾತ್ರ ಕಬ್ಬಿನ ಮರೆಗೆ ಹೋಗಿ ವಾಂತಿ ಮಾಡಿಕೊಂಡರು. ಅಪ್ಪ ನಕ್ಕರು, ನಾನೂ ನಕ್ಕೆ.

ಎರಡನೆಯದು ಜೋಡುನಳಿಗೆ, ನನ್ನ ಮುದ್ದಿನದು. ಅಪ್ಪ ಹೋದ ಮಾರನೆಯ ಬೇಸಿಗೆಯಲ್ಲಿ ನನ್ನ ದೊಡ್ಡಪ್ಪನ ಮಗ ನಮ್ಮ ಗದ್ದೆಯ ತೂಬಿಗೆ ಕಲ್ಲು ಮಣ್ಣು ತುಂಬಿ ನೀರು ಕಟ್ಟಿದ. ನಾಟಿ ಮಾಡಿದ ಭತ್ತ ಹಳದಿ ತಿರುಗುತ್ತಿತ್ತು. ಬಿಡಿಸಲು ಹೋದ ನನ್ನ ಗಂಡನನ್ನು ಅವನೂ ಅವನ ತಮ್ಮನೂ ನಾಲೆ ಏರಿಯ ಮೇಲೆ ಕೆಡವಿಕೊಂಡು ಗುದ್ದಲಿ ಕಾವಿನಿಂದ ಬಡಿದರು. "ಮನೆಅಳಿಯಂಗೆ ನೀರ್ ಬೇಕಂತೆ ಕಣ್ಲಾ, ಕುಡಿಸ್ಲಾ" ಎಂದು ತಲೆ ಹಿಡಿದು ಕೆಸರಿಗೆ ಅದುಮಿದರು. ಸುದ್ದಿ ಕೇಳಿ ಜೋಡುನಳಿಗೆ ಹಿಡಿದುಕೊಂಡು ಓಡಿದೆ. ಹೋಗಿ ನೋಡಿದರೆ ಗಂಡನ ಕಿವಿಯಿಂದ ರಕ್ತ ಸುರಿಯುತ್ತಿದೆ, ಬಾಯಿ ತುಂಬ ಕೆಸರು. ಒಂದು ಗುಂಡನ್ನು ನೀರಿಗೆ ಹೊಡೆದೆ. ಇನ್ನೊಂದನ್ನು ದೊಡ್ಡಪ್ಪನ ಮಗನ ಕಾಲಿನ ಹತ್ತಿರ ಹೊಡೆದೆ. ಚರೆಗಳು ಅವನ ಹಿಮ್ಮಡಿಯನ್ನು ಕಿತ್ತುಕೊಂಡು ಹೋದವು. ಅವನು ಕೂಗಿದ ಕೂಗು ಅಕ್ಕಪಕ್ಕದ ಗದ್ದೆಗಳಿಗೆಲ್ಲ ಕೇಳಿಸಿತಂತೆ.

ಹಿರಿಯರು ಕೂತು, ಮನೆತನದ ಜಗಳ ಠಾಣೆ ಮೆಟ್ಟಿಲು ಹತ್ತಬಾರದು ಎಂದು ಮುಚ್ಚಿಹಾಕಿದರು. ಅವನು ಇವತ್ತಿಗೂ ಕುಂಟುತ್ತಾನೆ. ನನ್ನ ಗಂಡನಿಗೆ ಆ ಕಿವಿ ಕೇಳಿಸುವುದಿಲ್ಲ. ಆದರೆ ಅಂದಿನಿಂದ ನಮ್ಮ ತೂಬಿಗೆ ಯಾರೂ ಕೈ ಹಾಕಲಿಲ್ಲ. ಗಂಡುಮಕ್ಕಳಿಲ್ಲದ ಮನೆ ಎಂದು ಯಾರೂ ನಮ್ಮ ಬದು ಒತ್ತಲಿಲ್ಲ. ಅದನ್ನೆಲ್ಲ ಈ ಜೋಡುನಳಿಗೆ ಕೊಟ್ಟದ್ದು ಎಂದು ನಾನು ನಂಬಿದ್ದೆ.

ಮೂರನೆಯದು ಕೇಪಿನ ಕೋವಿ, ಮುತ್ತಾತನ ಕಾಲದ್ದು. ನಳಿಗೆಯ ಬಾಯಿಂದ ಮದ್ದು ಗಿಡಿದು, ಹಿಂದೆ ಕೇಪು ಇಟ್ಟು ಹೊಡೆಯುವಂಥದ್ದು. ಅದು ಹಾರಿದ್ದನ್ನು ನಾನು ಕಂಡಿಲ್ಲ. ಆದರೂ ನಮ್ಮ ವಂಶಕ್ಕೆ ಅದು ದೇವರ ಸಮ. ಆಯುಧ ಪೂಜೆಯ ದಿನ ವಂಶದ ಎಲ್ಲ ಮನೆಯವರೂ ಒಂದೊಂದು ಹುಂಜ ಹಿಡಿದು ನಮ್ಮ ಅಂಗಳಕ್ಕೆ ಬರಬೇಕು. ಕತ್ತು ಕೊಯ್ದ ಹುಂಜವನ್ನು ಎತ್ತಿ ಹಿಡಿದು ಆ ರಕ್ತವನ್ನು ನಳಿಗೆಯ ಮೇಲೆ ಹರಿಸಬೇಕು. ವರ್ಷವೆಲ್ಲ ಮುಖ ತಿರುಗಿಸಿಕೊಂಡು ಓಡಾಡುವ ದೊಡ್ಡಪ್ಪನ ಮಗನೂ ಅವತ್ತು ಕುಂಟಿಕೊಂಡು ಬಂದು, ಹುಂಜ ಕೊಯ್ದು, ಕೋವಿಗೆ ಅಡ್ಡಬಿದ್ದು ಹೋಗುತ್ತಿದ್ದ. ಎಷ್ಟು ತೊಳೆದರೂ ಅದರ ಮರದ ಹಿಡಿಯಿಂದ ರಕ್ತದ ವಾಸನೆ ಹೋಗುವುದಿಲ್ಲ.

ಕೊನೆಗೆ ಒಂಟಿನಳಿಗೆಯನ್ನು ಠಾಣೆಗೆ ಕೊಡುವುದು, ದೇವರನ್ನೂ ಜೋಡುನಳಿಗೆಯನ್ನೂ ಕರೆದುಕೊಂಡು ಹೋಗುವುದು ಎಂದು ತೀರ್ಮಾನಿಸಿದೆ. ಗಂಡನಿಗೆ ಹೇಳಲಿಲ್ಲ. ಬಂದೇ ಬರುತ್ತಾರೆ, ಹೋಗುವುದಾದರೂ ಎಲ್ಲಿಗೆ ಎಂದುಕೊಂಡೆ.

ಊರಿನ ಮನೆಯನ್ನು ಕೊಂಡವನು ಬೇರೆ ಯಾರೂ ಅಲ್ಲ, ಅದೇ ದೊಡ್ಡಪ್ಪನ ಮಗ. ವಂಶದ ಮನೆ ಹೊರಗಿನವರಿಗೆ ಹೋಗಬಾರದು ಎಂದು ಹಿರಿಯರು ಪಟ್ಟು ಹಿಡಿದಿದ್ದರು, ನಾನೂ ಒಪ್ಪಿದ್ದೆ. ಸಾಮಾನು ಸಾಗಿಸುವ ದಿನ ಬೆಳಗ್ಗೆ ಅಂಗಳದಲ್ಲಿ ಟೆಂಪೊ ನಿಂತಿತ್ತು. ಗಂಡ ಮಂಚದ ಕಾಲು ಬಿಚ್ಚುತ್ತಿದ್ದರು. ಪಂಚೆಯಲ್ಲಿ ಸುತ್ತಿದ್ದ ಕೇಪಿನ ಕೋವಿ ಜಗಲಿಯ ಮೇಲಿತ್ತು. ದೊಡ್ಡಪ್ಪನ ಮಗ ಕುಂಟುತ್ತ ಬಂದವನೇ ಅದನ್ನು ಎತ್ತಿಕೊಂಡ.

"ದೇವ್ರು ಊರ್ ಬುಟ್ಟು ಓಯ್ತದಾ ಅಮ್ಮಿ? ಮನೆ ನಮ್ದಾದ್ಮ್ಯಾಲೆ ಮನೆ ದೇವ್ರೂ ನಮ್ದೆ" ಎಂದ.

"ಅದು ನನ್ನೆಸ್ರಲ್ಲಿ ಅದೆ ಅಣ್ಣ, ಕೆಳಗಿಡು" ಎಂದೆ.

ನನ್ನ ಗಂಡ ಎದ್ದು ಹೋಗಿ ಅವನ ಮುಂದೆ ನಿಂತರು. "ಲೈಸೆನ್ಸ್ ಇಲ್ದೆ ನಿಮ್ಮತ್ರ ಇದ್ರೆ ಕೇಸಾಯ್ತದೆ ಭಾವ. ಠಾಣೇಲಿ ಅರ್ಜಿ ಕೊಡಿ, ನಾವೂ ಬಂದು ಹೇಳ್ತೀವಿ" ಎಂದು ಮೆತ್ತಗೆ ಹೇಳಿ ಕೈ ಚಾಚಿದರು.

"ನಮ್ಮನೆ ಅನ್ನ ತಿಂದ್ಕಂಡು ಬಿದ್ದಿದ್ದೋನು ನಮ್ಮ ದೇವ್ರ ಮಾತಾಡ್ತೀಯಾ?" ಎಂದವನು ಕೋವಿಯನ್ನು ತಿರುಗಿಸಿ ಹಿಡಿದು ಅದರ ಹಿಡಿಯಿಂದ ಅವರ ಹಣೆಗೆ ಬಿಟ್ಟ. ತೆಂಗಿನಕಾಯಿ ಒಡೆದ ಹಾಗೆ ಸದ್ದಾಯಿತು. ಅವರು ಒರಳುಕಲ್ಲಿನ ಮೇಲೆ ಬಿದ್ದರು. ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು.

ನಾನು ಒಳಗೆ ಹೋದೆ. ಜೋಡುನಳಿಗೆಯನ್ನು ಕಂಬಳಿಯಿಂದ ಬಿಚ್ಚಿ ಎರಡು ತೋಟಾ ತುಂಬಿದೆ. ಹೊರಗೆ ಬಂದು ಅವನ ಎದೆಗೆ ಗುರಿಯಿಟ್ಟೆ. ಈ ಸಲ ಕಾಲಿಗಲ್ಲ, ಅದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಅವನು ಕೋವಿ ಎತ್ತಿಕೊಂಡು ನನ್ನ ಗಂಡನ ತಲೆಗೆ ಇನ್ನೊಂದು ಏಟು ಹಾಕಲು ನಿಂತಿದ್ದಾನೆ. ನನಗೆ ಕಂಡದ್ದು ಅಷ್ಟೇ. ಬೆರಳು ಕೋವಿಯ ಕುದುರೆಯ ಮೇಲಿತ್ತು, ಒತ್ತಲು ಶುರುಮಾಡಿದ್ದೆ.

ಆಗ ಅವನ ಎದೆಯ ಜಾಗದಲ್ಲಿ ನನ್ನ ಗಂಡನ ಎದೆ ಬಂದು ನಿಂತಿತು. ಬಿದ್ದಲ್ಲಿಂದ ಎದ್ದು ಬಂದಿದ್ದರು. ಬೆನ್ನು ಅವನ ಕಡೆಗೆ, ಮುಖ ನನ್ನ ಕಡೆಗೆ. ರಕ್ತ ತುಂಬಿದ ಒಂದು ಕಣ್ಣು ಮುಚ್ಚಿತ್ತು. ಎರಡು ಕೈಯಲ್ಲೂ ನಳಿಗೆ ಹಿಡಿದುಕೊಂಡು, "ಸಾಕು ಕಣಮ್ಮಿ. ಅವ್ನು ಆಗ್ಲೇ ಕೆಳಗೆ ಆಕವ್ನೆ ನೋಡು" ಎಂದರು.

ನೋಡಿದೆ. ಕೇಪಿನ ಕೋವಿ ನೆಲದ ಮೇಲೆ ಬಿದ್ದಿತ್ತು. ದೊಡ್ಡಪ್ಪನ ಮಗ ಎರಡೂ ಕೈ ಮೇಲೆತ್ತಿ ಗೋಡೆಗೆ ಅಂಟಿಕೊಂಡಿದ್ದ, ಅವನ ಪಂಚೆ ಒದ್ದೆಯಾಗಿತ್ತು. ನಾನು ಹೊರಗೆ ಬರುವುದಕ್ಕೂ ಮೊದಲೇ ಅವನು ಕೋವಿ ಬಿಸಾಕಿದ್ದನಂತೆ. ತಪ್ಪಾಯ್ತು ಕಣಮ್ಮಿ ಎಂದು ಕೂಗುತ್ತಲೇ ಇದ್ದನಂತೆ. ಟೆಂಪೊ ಡ್ರೈವರ್ ಆಮೇಲೆ ಹೇಳಿದ. ನನಗೆ ಯಾವುದೂ ಕಂಡಿರಲಿಲ್ಲ, ಕೇಳಿರಲೂ ಇಲ್ಲ.

ತಿ. ನರಸೀಪುರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಸಿಟ್ಟು ಇನ್ನೂ ಇಳಿದಿರಲಿಲ್ಲ ನನಗೆ. ಅವರ ಕೇಳಿಸುವ ಕಿವಿಯ ಕಡೆ ಸರಿದು ಕೂತು, "ನಿಮ್ಮ ತಲೆ ಒಡದೋನ್ಗೆ ಯಾಕ್ ಅಡ್ಡ ನಿಂತ್ರಿ?" ಎಂದು ರೇಗಿದೆ.

"ಅವನ್ಗಲ್ಲ. ನೀನು ಜೈಲ್ಗೋದ್ರೆ ನಾನು ಯಾರ್ ಜೊತೆ ಇರ್ಲಿ?"

"ಅಷ್ಟು ಜೀವ ಇದ್ರೆ ಕೋವಿ ಬಂದ್ರೆ ಬರಕಿಲ್ಲ ಅಂತ ಯಾಕಂದ್ರಿ?"

ಅವರು ಬ್ಯಾಂಡೇಜು ಮುಟ್ಟಿಕೊಂಡರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು. "ಅವತ್ತು ನಾಲೆ ಮ್ಯಾಲೆ ಅವ್ರು ಬಡದಾಗ ನಾನು ಎದ್ರನಿಲ್ಲ ಕಣಮ್ಮಿ. ಏಟು ಬಿದ್ರೆ ವಾಸಿಯಾಯ್ತದೆ. ನೀನು ಕೋವಿ ಇಡ್ಕಂಡು ಬಂದ್ಯಲ್ಲ, ಆಗ ನಿನ್ ಮೊಕ ನೋಡಿ ಎದ್ರುಕಂಡೆ. ಅವತ್ತಿಂದ್ಲೂ ಎದ್ರಿಕೆನೆ. ನೀನು ಸಾರಿನ ಸೌಟು ಎತ್ತುದ್ರೂ ನನ್ ಕಣ್ಣು ಮೊದ್ಲು ಕೋವಿ ಎಲ್ಲದೆ ಅಂತ ನೋಡ್ತದೆ."

ನನಗೆ ಹೊಡೆಯಬೇಕು ಅನ್ನಿಸಿತು. ಅವರಿಗಲ್ಲ, ಯಾರಿಗಾದರೂ. ಹೊಡೆಯಲು ಅಲ್ಲಿ ಯಾರೂ ಇರಲಿಲ್ಲ. ಇವರಿಗಾಗಿ ಒಬ್ಬನ ಕಾಲು ಮುರಿದೆ, ಇವತ್ತು ಒಬ್ಬನ ಜೀವ ತೆಗೆಯುತ್ತಿದ್ದೆ, ಇವರ ಮಾನ ಪ್ರಾಣ ನಾನು ಕಾದೆ ಎಂದು ಎದೆ ಉಬ್ಬಿಸಿಕೊಂಡು ಬದುಕಿದ್ದೆ. ಇವರು ಮಾತ್ರ ಅಷ್ಟು ವರ್ಷ ಅದೇ ಮನೆಯೊಳಗೆ ನನಗೆ ಹೆದರಿಕೊಂಡು ಉಣ್ಣುತ್ತಿದ್ದರು. ಆಸ್ಪತ್ರೆಗೆ ಬಂದವರೆಲ್ಲ ನೋಡುತ್ತಿದ್ದರೂ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಅವರು ನನ್ನ ಬೆನ್ನಿನ ಮೇಲೆ ಕೈ ಇಟ್ಟರು.

ಮಾರನೆಯ ದಿನ ಮೂರು ಕೋವಿಯನ್ನೂ ಉಳಿದಿದ್ದ ತೋಟಾಗಳನ್ನೂ ಠಾಣೆಗೆ ತೆಗೆದುಕೊಂಡು ಹೋದೆವು. ವಂಶದವರು ಬಾಗಿಲಲ್ಲಿ ನಿಂತು, ದೇವರನ್ನು ಪೊಲೀಸರಿಗೆ ಕೊಡ್ತಾಳೆ ಹಾದರಗಿತ್ತಿ ಎಂದು ಬೈದರು. ದೊಡ್ಡಪ್ಪನ ಮಗ ಹೊರಗೆ ಬರಲಿಲ್ಲ. ಅವನೂ ದೂರು ಕೊಡಲಿಲ್ಲ, ನಾವೂ ಕೊಡಲಿಲ್ಲ.

ಠಾಣೆಯ ರೈಟರ್‌ ಜೋಡುನಳಿಗೆಯನ್ನು ಎತ್ತಿ, ಮಡಚಿ, ನಳಿಗೆಯೊಳಗೆ ಇಣುಕಿ ನೋಡಿದರು. ಅಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದೆ. "ಒಂದು ಕೊಟ್ರೆ ಸಾಕು ಕಣಮ್ಮ, ಎರಡು ನೀವೇ ಇಟ್ಕೋಬೋದು. ಇಂಥ ಒಳ್ಳೆ ಕೋವೀನ ಯಾಕೆ ಕೊಡ್ತಿದ್ದೀರಿ?" ಎಂದರು.

ನಾನು ರುಜು ಹಾಕಲು ಪೆನ್ನು ಕೈಗೆತ್ತಿಕೊಂಡೆ. ಹಣೆಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ನನ್ನ ಗಂಡ ಒಂದು ಹೆಜ್ಜೆ ಮುಂದೆ ಬಂದು, "ನಂಜನಗೂಡಿನ ಮನೆ ಚಿಕ್ಕದು ಸಾ. ಇಡಕ್ಕೆ ಜಾಗ ಇಲ್ಲ" ಎಂದರು.

ನಾವು ಕೊಂಡಿರುವ ಮನೆಗೆ ಮೂರು ರೂಮು, ಇರುವವರು ನಾವಿಬ್ಬರೇ. ಪೊಲೀಸರ ಮುಂದೆ ಸುಳ್ಳು ಹೇಳಿದ ಆ ಮನುಷ್ಯನ ಮುಖ ನೋಡಲಾಗದೆ, ರೈಟರ್‌ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ರುಜು ಹಾಕಿದೆ.