ಬಾಲ್ಕನಿಯ ರಿಯಾಯಿತಿ ಟಿಕೆಟ್

ಆ ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ ಯಾವ ಆಪರಾ, ಅಂದರೆ ಯಾವ ಹಾಡುನಾಟಕ, ನೋಡಿದೆವು ಎಂದು ಕೇಳಿದರೆ ನನ್ನ ಬಳಿ ಖಚಿತ ಉತ್ತರವಿಲ್ಲ. ಒಬ್ಬಳು ಸತ್ತಳು, ತುಂಬ ಹೊತ್ತು ಹಾಡಿ ಸತ್ತಳು. ಅವಳ ಗೌನು ಕೆಂಪು ಎಂದು ಈಗಷ್ಟೇ ಬರೆದು ಹೊಡೆದುಹಾಕಿದೆ. ಅವಳನ್ನು ನಾನು ಪೂರ್ತಿ ನೋಡಿಯೇ ಇರಲಿಲ್ಲ. ಟಿಕೆಟ್ಟಿನಿಂದ ಶುರು ಮಾಡುವುದೇ ಕ್ಷೇಮ.

ನನ್ನ ಹೆಂಡತಿ ಉಡುಪಿಯವಳು, ಚಿಕ್ಕಂದಿನಿಂದ ಪಿಟೀಲು ನುಡಿಸುತ್ತಿದ್ದವಳು. ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಪಾದಕ್ಕೆ ಊರಿ ನುಡಿಸುವ ನಮ್ಮ ಕ್ರಮ. ಮೊಣಕಾಲಿನ ಆಪರೇಷನ್ ಆದಮೇಲೆ ಡಾಕ್ಟರು ನೆಲದಲ್ಲಿ ಕೂರಲೇಬಾರದು ಎಂದರು. ಪಿಟೀಲು ಬೀರುವಿನ ಮೇಲೆ ಹೋಯಿತು. ಇಲ್ಲಿ, ದುಬೈಯ ಮೆಟ್ರೋದಲ್ಲಿ, ಆಪರಾ ಹೌಸಿನ ಜಾಹೀರಾತು ಕಂಡ ದಿನ ಅವಳೆಂದಳು: "ಕುರ್ಚಿಯಲ್ಲಿ ಕೂತು ಬಾರಿಸುವವರ ಕೈ ಒಮ್ಮೆ ಕಣ್ಣಾರೆ ನೋಡ್ಬೇಕು. ವಿಡಿಯೋದಲ್ಲಿ ಬರೀ ಮುಖ ತೋರಿಸ್ತಾರೆ ಮಾರಾಯ್ರೆ. ಕೂತು ಆಗ್ತದಾ ಇಲ್ವಾ ಅಂತ ಒಂದು ಗೊತ್ತಾದ್ರೆ ಸಾಕು."

ನಾನು ರಿಯಾಯಿತಿಯ ಬೇಟೆಗೆ ಇಳಿದೆ. ಆಪರಾ ಹೌಸಿನ ಇಮೇಲ್ ಪಟ್ಟಿಗೆ ಸೇರಿದರೆ ಒಂದು ಕೋಡ್ ಬರುತ್ತದೆ. ಮಧ್ಯಾಹ್ನದ ಪ್ರದರ್ಶನ ಸಂಜೆಯದಕ್ಕಿಂತ ಅಗ್ಗ. ಕೋಡ್ ಹಾಕಿದಾಗ ಪರದೆಯ ಮೇಲೆ ಮುಂದಿನ ಸಾಲುಗಳೆಲ್ಲ ದುಬಾರಿ, ಬಾಲ್ಕನಿ ಮಾತ್ರ ಅಗ್ಗವೋ ಅಗ್ಗ. ಮೈಸೂರಿನ ಟಾಕೀಸುಗಳಲ್ಲಿ ಬೆಳೆದ ನನಗೆ ಬಾಲ್ಕನಿ ಎಂದರೆ ಮರ್ಯಾದೆ. ಆಫೀಸಿನಲ್ಲಿ ಪಕ್ಕದ ಮೇಜಿನ ಮಂಗಳೂರಿನ ಸಹೋದ್ಯೋಗಿ ನನ್ನ ಪರದೆಯನ್ನು ಬಗ್ಗಿ ನೋಡಿದ.

"ಬಾಲ್ಕನಿಯೇ ಚೀಪಾ? ಇವರಿಗೆ ಟಾಕೀಸು ನಡೆಸ್ಲಿಕ್ಕೆ ಗೊತ್ತಿಲ್ಲ ಸರ್. ಯಲ್ಲಾ, ಬೇಗ ಬೇಗ, ಅವರಿಗೆ ಬುದ್ಧಿ ಬರುವ ಮೊದಲು ಒತ್ತಿ."

ಒತ್ತಿದೆ.

ನಮ್ಮ ಸೀಟು ಚಾವಣಿಗೆ ಸಮೀಪ, ಗೋಡೆಯ ಬದಿಗೆ. ವೇದಿಕೆಯ ಎಡಭಾಗವನ್ನು ಗೋಡೆಯೇ ನುಂಗಿತ್ತು.

"ಎಂತ ಇದು? ಅರ್ಧ ಹೆಂಗಸು ಕಾಣ್ತಾಳೆ," ಎಂದಳು ಹೆಂಡತಿ.

"ಅರ್ಧ ರೇಟು ಕಣೇ."

"ಹಾಗಾದ್ರೆ ಸರಿ ಉಂಟು."

ಅವಳ ಮುಖ ಸಪ್ಪಗಾಗಿದ್ದನ್ನು ಕಂಡೆ. ಅಥವಾ ಆಗಿರಬೇಕು ಎಂದು ನಾನು ಆಮೇಲೆ ಸೇರಿಸಿಕೊಂಡೆನೇನೋ. ಮುಂದಿನದರಲ್ಲಿ ಮಾತ್ರ ಅನುಮಾನವಿಲ್ಲ. ಅವಳು ಕೆಳಗೆ ನೋಡಿದಳು. ವೇದಿಕೆಯ ಮುಂದಿನ ತಗ್ಗಿನಲ್ಲಿ ವಾದ್ಯದವರು ಕೂತಿದ್ದರು. ದುಬಾರಿ ಸೀಟಿನವರಿಗೆ ಕಂಡರೆ ವಾದ್ಯದವರ ತಲೆಗಳಷ್ಟೇ ಕಾಣಬಹುದು. ನಮಗೆ ನೇರ ಕೆಳಗೆ, ಬಾವಿಯೊಳಗೆ ಇಣುಕಿದಂತೆ, ಪಿಟೀಲು ಹಿಡಿದ ಕೈಗಳೆಲ್ಲ ಕಂಡವು. ಅವಳು ನನ್ನ ಕನ್ನಡಕ ಕಿತ್ತುಕೊಂಡಳು. ನಮ್ಮಿಬ್ಬರ ಪವರ್ ಹೆಚ್ಚುಕಡಿಮೆ ಒಂದೇ, ತನ್ನದನ್ನು ಮನೆಯಲ್ಲಿ ಮರೆತಿದ್ದಳು. ಆಮೇಲೆ ನನಗೆ ಸಂಗೀತ ಮಾತ್ರ ಉಳಿಯಿತು.

"ಪಿಟೀಲಿನ ಭಾರ ಎಲ್ಲ ಗಲ್ಲ ಮತ್ತೆ ಭುಜದಲ್ಲಿ," ಎಂದು ಪಿಸುಗುಟ್ಟಿದಳು. "ಎಡಗೈ ಫ್ರೀ ಉಂಟು. ಆದ್ರೆ ನಮ್ಮ ಗಮಕಕ್ಕೆ ಇಷ್ಟು ಸಾಲದು, ಕೈ ಇನ್ನೂ ಜಾರ್ಬೇಕು." ಹಾಡುವವಳು ಸಾಯುತ್ತಿದ್ದಳು. ಹೆಂಡತಿಯ ಬೆರಳುಗಳು ತೊಡೆಯ ಮೇಲೆ ಓಡುತ್ತಿದ್ದವು.

ಮರುದಿನ ಬೆಳಿಗ್ಗೆ ಬೀರುವಿನ ಮೇಲಿಂದ ಪಿಟೀಲು ಇಳಿಸಿಕೊಟ್ಟೆ. ಊಟದ ಕುರ್ಚಿಯಲ್ಲಿ ಕೂತು ಭುಜಕ್ಕಿಟ್ಟಳು, ಜಾರಿತು. ಮತ್ತೆ ಇಟ್ಟಳು. ಮಕ್ಕಳ ಸ್ವರಪಾಠ ಸರಳೆಯ ಮೊದಲ ಸಾಲು ಅಳುಬುರುಕಾಗಿ ಬಂತು, ಪಂಚಮದ ಹತ್ತಿರ ನಿಂತಿತು. ಅವಳು ಪಿಟೀಲನ್ನು ಭುಜದಿಂದ ತೆಗೆದು ಹಳೆಯ ಕ್ರಮದಲ್ಲೇ ಕೆಳಮುಖವಾಗಿ ಹಿಡಿದಳು. ಅದರ ತಲೆ ಪಾದದ ಆಸರೆಯಿಲ್ಲದೆ ಗಾಳಿಯಲ್ಲಿ ತೂಗಿತು.

"ಅವರ ಭುಜ ನಮಗೆ ಬೇಡ," ಎಂದಳು. "ಕುರ್ಚಿ ಮಾತ್ರ ತಗೊಳ್ಳುವ. ಪಿಟೀಲಿನ ತಲೆ ಊರ್ಲಿಕ್ಕೆ ಈ ಕಾಲಿನ ಎದುರಿಗೆ ಒಂದು ಸಣ್ಣ ಸ್ಟೂಲ್ ಬೇಕು. ಏಳಿ, ಕಾಫಿ ಆಮೇಲೆ."