ಯಲ್ದೂರಿನ ಹಾಲು ಕುಡಿದವರು

ಯಲ್ದೂರಿನಲ್ಲೇ ಹುಟ್ಟಿದ ಕರೇನಮ್ಮನವರನ್ನು ವಿದೇಶೀಯರೆಂದು ಕರೆದು, ದೇಶ ಬಿಡಿ ಎಂದು ನೋಟಿಸು ಕಳಿಸಿದ ಅಧಿಕಾರಿಗಳು ನಾಚಬೇಕು. ಡೆನ್ಮಾರ್ಕಿನಿಂದ ಬಂದು ಇಲ್ಲಿನ ಬಂಜರಿನಲ್ಲಿ ಮಾವು ಬೆಳೆಸಿದವರು ಇವರ ತಾಯಿ. ಆ ತೋಟದಲ್ಲಿ ಕೂಲಿ ಮಾಡಿದ್ದ ಮುನಿಯಮ್ಮ ಇಂದು ಬಸ್ ನಿಲ್ದಾಣದಲ್ಲಿ ಸಿಕ್ಕಿ, ನಲವತ್ತು ವರ್ಷ ಹಿಂದಕ್ಕೆ ಹೋದರು.

"ಅವ್ರ ದೇಶದಾಗೆ ಕೂಸನ್ನ ಚಳಿಗಾಳೀಲಿ ಹೊರಗೇ ಮಲಗಿಸ್ತಾರಂತೆ, ನಾಯ್ನಾ. ನಂಗೇನ್ ಗೊತ್ತು? ಮರದಡಿ ಒಂದು ಕೂಸು ಮಲಗಿತ್ತು, ಯಾರೋ ಬಿಟ್ಟೋಗವ್ರೆ ಅಂತ ಮನೆಗೆ ಎತ್ಕೊಂಡೋದೆ. ಅದರವ್ವ ದೊರೆಸಾನಿ ಹುಡುಕ್ಕೊಂಡು ಓಡ್ಬಂದು ನಕ್ಕಿದ್ದೇ ನಕ್ಕಿದ್ದು!"

ಮುನಿಯಮ್ಮನೂ ನಕ್ಕರು. ಬಳಿಕ ಕಣ್ಣೊರೆಸಿಕೊಂಡರು.

"ಆ ಕೂಸೇ ಈ ಕರೇನಮ್ಮ. ಅವತ್ತು ನನ್ನ ಮಗನ ಜತೆ ನನ್ನ ಹಾಲೇ ಕುಡೀತು. ಅವ್ಳು ಹೊರಗಿನೋಳು ಹೆಂಗಾದ್ಲು, ಕೇಳು ಅವರ್ನ."

ಕೇಳುತ್ತಿದ್ದೇನೆ. ಸಂಬಂಧಪಟ್ಟವರು ಈ ಪ್ರಶ್ನೆಗೆ ಲಿಖಿತ ಉತ್ತರ ನೀಡಿ, ನೋಟಿಸನ್ನು ಕೂಡಲೇ ಹಿಂಪಡೆಯಬೇಕೆಂದು ಕೋರುತ್ತೇನೆ.